ಐದನೆಯ ಪದ

ನಾಲ್ಕು ಪದಗಳವರೆಗೆ ವಾಕ್ಯ ಸಲೀಸಾಗಿ ಬರುತ್ತಿತ್ತು: ಮೈ ಹಸ್ಬೆಂಡ್ಸ್ ನೇಮ್ ಈಸ್. ಅಲ್ಲಿಗೆ ಬಂದು ಕಮಲಾಕ್ಷಮ್ಮನ ನಾಲಗೆ ನಿಂತುಬಿಡುತ್ತಿತ್ತು. ಮುದ್ದೆಗೆ ಎಸರಿಟ್ಟು ಅದು ಕುದಿಯುವುದನ್ನು ಕಾಯುತ್ತಾ ಒಲೆಯ ಮುಂದೆ ನಿಂತಿದ್ದ ಅವಳು ಮತ್ತೆ ಮೊದಲಿನಿಂದ ಹೊರಡುತ್ತಿದ್ದಳು, ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಿದ್ದಳು. ಇಂಗ್ಲಿಷ್ ಬಾರದೆ ನಿಂತದ್ದಲ್ಲ ಎಂಬುದೇ ಸಂಕಟ. ಐದನೆಯ ಪದ ಇಂಗ್ಲಿಷಿನದೇ ಅಲ್ಲ. ಅದು ಇದೇ ಮನೆಯಲ್ಲಿ ಹುಟ್ಟಿ ಬೆಳೆದು, ಈಗ ನಡುಮನೆಯ ಕಂಬಕ್ಕೆ ಒರಗಿ, ಬಲಗೈಯ ಪ್ಲಾಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಲಿ ಕಾಫಿ ಕುಡಿಯುತ್ತಿರುವ ಮನುಷ್ಯನದು. ಕಥೆ ಹೇಳುವವರಿಗೆ ಅಡ್ಡಿಯೇನಿಲ್ಲ, ಅವನ ಹೆಸರು ರಂಗರಾಜು. ಆದರೆ ಕಮಲಾಕ್ಷಮ್ಮ ಸೊಸೆಯಾಗಿ ಈ ಮನೆಯ ಹೊಸಲು ದಾಟಿದಂದಿನಿಂದ ಆ ಹೆಸರನ್ನು ಯಾರೆದುರೂ ಬಾಯಲ್ಲಿ ಆಡಿದವಳಲ್ಲ. ಅವನು 'ಇವರು', ಅವನು 'ನಮ್ಮನೆಯವರು', ತೀರಾ ತುರ್ತಾದರೆ 'ಏನೂಂದ್ರೆ'. ಅಷ್ಟರಲ್ಲೇ ಒಂದು ಸಂಸಾರ ನಡೆದುಹೋಗಿತ್ತು.

"ಏನ್ ಟೀಚರಮ್ನೋರೆ, ಒಲೆ ಮುಂದೆ ಯಾವ ಮಂತ್ರ?" ಎಂದ ರಂಗರಾಜು.

"ನಿಮ್ಗ್ಯಾಕೆ, ಕಾಫಿ ಆರೋಯ್ತದೆ, ಕುಡೀರಿ," ಎಂದಳು. ಎಸರು ಉಕ್ಕಿತು.

ಹೆಸರೊಂದನ್ನೇ ಬಿಟ್ಟಿದ್ದರೆ ಸುಲಭವಿತ್ತು. ಆ ಹೆಸರಿನ ಅರ್ಧ ಊರತುಂಬ ಚೆಲ್ಲಿಕೊಂಡಿತ್ತು. ಅಂಗಳದಲ್ಲಿ ಎಲ್ಲರೂ ಹಾಕುವ ರಂಗೋಲಿಯನ್ನು ಅವಳು 'ಎಳೆ' ಎನ್ನುತ್ತಿದ್ದಳು. ರಂಗನಾಥಸ್ವಾಮಿ ಅವಳ ಬಾಯಲ್ಲಿ 'ದೊಡ್ಡದೇವರು'. ಎದುರುಮನೆಯ ಸಣ್ಣರಂಗಯ್ಯ ಬರಿಯ 'ಸಣ್ಣಮಾವ'. ಅಂಗನವಾಡಿಯ ಮಕ್ಕಳೂ ರಂಗೋಲಿಗೆ 'ಎಳೆ' ಎಂದೇ ಹೇಳಲು ಕಲಿತಿದ್ದವು, ಮುಂದೆ ಶಾಲೆಗೆ ಹೋಗಿ ಯಾವ ಮೇಷ್ಟರ ಹತ್ತಿರ ನಗೆಪಾಟಲಾಗುತ್ತವೋ. ಇದನ್ನೆಲ್ಲ ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅವಳ ತಾಯಿಗೆ ಗೊತ್ತಿತ್ತು, ಅತ್ತೆ ಚಿಕ್ಕಕ್ಕನಿಗೆ ಗೊತ್ತಿತ್ತು, ಹಾಗಾಗಿ ಅವಳಿಗೂ ಗೊತ್ತಿತ್ತು. ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಇಲ್ಲವೆನ್ನುತ್ತಿದ್ದಳು. ಬಸುರಿಯರನ್ನು ಕೂರಿಸಿಕೊಂಡು, ಗ್ರಹಣದಲ್ಲಿ ಊಟ ಬಿಡಬೇಡಿ, ಪಪ್ಪಾಯಿ ಕಂಡು ಹೆದರಬೇಡಿ ಎಂದು ವರ್ಷಗಟ್ಟಲೆ ಭಾಷಣ ಮಾಡಿದವಳು ಅವಳು. ಆದರೂ ಹೋದ ತಿಂಗಳು, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಅಂಗನವಾಡಿಯ ಬಾಗಿಲು ಮುಂದಕ್ಕೆಳೆದುಕೊಂಡು, ಗೋಡೆಯ ಮೇಲಿನ ಆನೆಯ ಚಿತ್ರದ ಎದುರಿಗೆ ನಿಂತು ಅವಳು ಇಡೀ ವಾಕ್ಯವನ್ನು ಜೋರಾಗಿ ಹೇಳಿದಳು. ಪಾಠದಲ್ಲಿ ತೂತು ಬಿಡುವುದು ಅವಳ ಜಾಯಮಾನವಲ್ಲ. ಮೈ ಫಾದರ್ಸ್ ನೇಮ್ ಬಂದಿತ್ತು, ಮೈ ಸನ್ಸ್ ನೇಮ್ ಬಂದಿತ್ತು, ಇದೊಂದು ಯಾಕೆ ಬಾರದು ಎಂಬ ಹಟಕ್ಕೆ ಹೇಳಿದಳು. ಹೇಳಿ, ಕಳ್ಳತನ ಮಾಡಿದವಳಂತೆ ಬಾಗಿಲ ಕಡೆ ನೋಡಿದಳು. ಅವತ್ತು ಸಂಜೆ ಹೊಳವನಹಳ್ಳಿಯಿಂದ ಬರುತ್ತಿದ್ದ ರಂಗರಾಜುವಿನ ಮೊಪೆಡ್ಡಿಗೆ ನಾಯಿ ಅಡ್ಡ ಬಂತು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಕಿಟಕಿಯೊಳಗಿಂದ ಪೇಷಂಟ್ ಹೆಸರೇನಮ್ಮ ಎಂದು ಕೇಳಿದಾಗ ಅವಳು ಸುಮ್ಮನೆ ನಿಂತಿದ್ದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಕೊನೆಗೆ ಬೆಂಚಿನ ಮೇಲೆ ಕೈ ಹಿಡಿದುಕೊಂಡು ನರಳುತ್ತಿದ್ದ ರಂಗರಾಜುವೇ ನರಳಾಟ ನಿಲ್ಲಿಸಿ ತನ್ನ ಹೆಸರನ್ನು ಕೂಗಿ ಹೇಳಬೇಕಾಯಿತು. ಎಷ್ಟು ಒಳ್ಳೆಯ ಹೆಂಗಸು ಎಂದು ಪಕ್ಕದಲ್ಲಿದ್ದ ಮುದುಕಿ ತಲೆದೂಗಿದಳು. ಆ ಹೊಗಳಿಕೆ ಕಮಲಾಕ್ಷಮ್ಮನ ಮೈಗೆ ಮುಳ್ಳು ಸವರಿದಂತಾಯಿತು. ಮಧ್ಯಾಹ್ನ ಆನೆಯ ಚಿತ್ರದೆದುರು ಆಡಿದ್ದು ಅವಳಿಗೊಬ್ಬಳಿಗೇ ಗೊತ್ತಿತ್ತು. ಇವತ್ತಿಗೂ ಅದನ್ನು ಯಾರಿಗೂ ಹೇಳಿರಲಿಲ್ಲ, ಆಮೇಲೆ ಆ ಪದ ಅವಳ ಬಾಯಿಂದ ಹೊರಟೂ ಇರಲಿಲ್ಲ.

ಅವನಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಟ್ಟೆಯಲ್ಲಿ ತುತ್ತು ತುತ್ತಾಗಿ ಇಟ್ಟು, ಸೀರೆ ಬದಲಾಯಿಸಿ, ಅಂಗನವಾಡಿಯ ಕಡೆ ಹೊರಟಾಗಲೂ ವಾಕ್ಯ ಅವಳ ಜೊತೆಯಲ್ಲೇ ನಡೆಯಿತು. ಇವತ್ತು ತಾಯಂದಿರ ಸಭೆ. ಅಂಗನವಾಡಿಯಲ್ಲೂ ಎಲ್‌ಕೆಜಿ ಬಂದು, ನೀವೇ ಇಂಗ್ಲಿಷ್ ಹೇಳಿಕೊಡಬೇಕು ಎಂದು ಮೇಲಿನಿಂದ ಹೇಳಿದಾಗ ಪಕ್ಕದೂರಿನ ಟೀಚರುಗಳೆಲ್ಲ ತಲೆಮೇಲೆ ಕೈಹೊತ್ತು ಕೂತಿದ್ದರು. ಕಮಲಾಕ್ಷಮ್ಮ ಕೂರಲಿಲ್ಲ. ಅವಳಿಗೆ ಇಂಗ್ಲಿಷನ್ನು ಯಾರೂ ಕಲಿಸಿರಲಿಲ್ಲ, ಅವಳೇ ದಾರಿಯಲ್ಲಿ ಹೆಕ್ಕಿಕೊಂಡಿದ್ದಳು. ತುಮಕೂರಿನ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎಕ್ಸ್‌ಕ್ಯೂಸ್ ಮಿ ಎಂದಾಗ ಎದುರಿಗಿದ್ದವಳು ಕಾಲು ಸರಿಸಿದಳು, ಹಾಗಾದರೆ ಅದು ಕಾಲು ಸರಿಸುವ ಮಾತು. ಫೋನಿನ ಹೆಂಗಸು ಪ್ಲೀಸ್ ವೇಟ್ ಎಂದ ಮೇಲೆ ಹಾಡು ಬರುತ್ತದೆ, ಹಾಗಾದರೆ ಅದು ಕಾಯಿಸುವ ಮಾತು. ಒಂದೊಂದು ಮಾತಿಗೂ ಒಂದೊಂದು ಜಾಗವಿದೆ, ಜಾಗ ಗೊತ್ತಾದರೆ ಮಾತು ತಾನಾಗಿ ಬರುತ್ತದೆ ಎಂದು ಅವಳು ಕಂಡುಕೊಂಡಿದ್ದಳು, ಇದನ್ನು ತಾನೇ ಕಂಡುಕೊಂಡೆನಲ್ಲ ಎಂದು ಒಳಗೊಳಗೇ ಬೀಗಿದ್ದಳು. ಕೆಲವು ಮಾತಿಗೆ ಈ ಊರಿನಲ್ಲಿ ಜಾಗವೇ ಇರಲಿಲ್ಲ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರಿಗೆ ಸಾರಿ ಎನ್ನುವ ಮಾತು ಯಾಕೆ ಬೇಕು? ಒಮ್ಮೆ ಅಭ್ಯಾಸಕ್ಕೆಂದು ಚಿಕ್ಕಕ್ಕ ನೀರು ಕೊಟ್ಟಾಗ ಥ್ಯಾಂಕ್ಯೂ ಎಂದಿದ್ದಳು. ಮುದುಕಿ ಅದರ ಅರ್ಥ ಕೇಳಿ ತಿಳಿದುಕೊಂಡು, "ನಾನೇನು ಹೊರಗಿನೋಳಾ, ಲೆಕ್ಕ ಚುಕ್ತಾ ಮಾಡ್ತೀಯಲ್ಲ," ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಮಕ್ಕಳಿಗೂ ಅವಳು ಹಾಗೆಯೇ ಕಲಿಸಿದಳು. ಕೈಮೇಲೆ ನೀರು ಬೀಳುವಾಗಷ್ಟೇ ವಾಶ್ ಯುವರ್ ಹ್ಯಾಂಡ್ಸ್. ಅನ್ನ ಬಿಸಿಯಿದ್ದಾಗಷ್ಟೇ ಇಟ್ಸ್ ಹಾಟ್. ಮೊದಲು ಮಿಸ್ಸು ಹೇಳಬೇಕು, ಮಾಡಬೇಕು, ಆಮೇಲೆ ಮಕ್ಕಳು. ಈಗ ಊರಿನ ಎಳೆಯ ಮಕ್ಕಳು ಕೊಟ್ಟಿಗೆಯ ಮುಂದೆ ನಿಂತು ಎಮ್ಮೆಗೆ ಕಮ್, ಕಮ್, ಡೋಂಟ್ ಪುಶ್ ಎನ್ನುತ್ತಿದ್ದವು. ಇದನ್ನು ಕೇಳಿದಾಗ ಕಮಲಾಕ್ಷಮ್ಮನಿಗೆ ಆಗುತ್ತಿದ್ದ ಹೆಮ್ಮೆಯನ್ನು ಯಾವ ಭಾಷೆಯಲ್ಲೂ ಹೇಳಲಾಗುತ್ತಿರಲಿಲ್ಲ, ಸೆರಗು ಸರಿಮಾಡಿಕೊಂಡು ಮುಂದೆ ನಡೆಯುತ್ತಿದ್ದಳು.

ಆದರೆ ಊರಿಗೆ ಹಳದಿ ವ್ಯಾನು ಬಂದಿತ್ತು. ಕೊರಟಗೆರೆ ರಸ್ತೆಯಲ್ಲಿ ಹೊಸದಾಗಿ ತೆರೆದ ಕಾನ್ವೆಂಟಿನದು. ಚೇತನ್ ಕುಮಾರನ ಹೆಂಡತಿ ಜ್ಯೋತಿಲಕ್ಷ್ಮಿ ತನ್ನ ಮಗಳು ಸಹನಾಳನ್ನು ಅದಕ್ಕೆ ಹತ್ತಿಸುತ್ತಾಳಂತೆ ಎಂಬ ಸುದ್ದಿ ವಾರದಿಂದ ಓಡಾಡುತ್ತಿತ್ತು. ಜ್ಯೋತಿಲಕ್ಷ್ಮಿ ಮಧುಗಿರಿಯ ಹುಡುಗಿ, ಡಿಗ್ರಿ ಮಾಡಿದವಳು. ಅವಳು ಹತ್ತಿಸಿದರೆ ಮಿಕ್ಕ ತಾಯಂದಿರೂ ಹತ್ತಿಸುತ್ತಾರೆ. ಅಂಗನವಾಡಿಯಲ್ಲಿ ಆನೆಯ ಚಿತ್ರವೊಂದೇ ಉಳಿಯುತ್ತದೆ. ಸಭೆಗೆ ಎರಡು ದಿನ ಮುಂಚೆ ಬಾವಿಯ ಹತ್ತಿರ ಸಿಕ್ಕಾಗ ಅವಳು ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ಬಾಯಿಪಾಠ ಯಾರ್ ಬೇಕಾದ್ರೂ ಮಾಡಿಸ್ತಾರೆ ಮಿಸ್. ನಾನು ಬಂದು ಕೇಳ್ತೀನಿ, ನೋಡಿ ಆಮೇಲೆ ಹೇಳ್ತೀನಿ." ಕಮಲಾಕ್ಷಮ್ಮ ಬನ್ನಿ ಎಂದಿದ್ದಳು. ನಗುತ್ತಲೇ ಎಂದಿದ್ದಳು. ಆ ರಾತ್ರಿ ಊಟ ರುಚಿಸಿರಲಿಲ್ಲ. ತನ್ನ ಮಗನಿಗಿಂತ ಸ್ವಲ್ಪ ದೊಡ್ಡವಳಾದ ಹುಡುಗಿ ಪರೀಕ್ಷೆ ಮಾಡುತ್ತೇನೆ ಎಂದದ್ದು ಚುಚ್ಚಿತ್ತು. ಚುಚ್ಚಿದ್ದಕ್ಕಿಂತ ಹೆಚ್ಚಾಗಿ, ಮಾಡಲಿ ಎಂಬ ಸೊಕ್ಕು ಎದ್ದಿತ್ತು.

ತಾಯಂದಿರು ಚಾಪೆಯ ಮೇಲೆ ಕೂತರು. ವಯಸ್ಸಾದ ಹೆಂಗಸರು ಗೋಡೆಗೆ ಒರಗಿದರು. ಚಿಕ್ಕಕ್ಕ ಎಂದಿನಂತೆ ಬಾಗಿಲ ಪಕ್ಕದ ತನ್ನ ಜಾಗದಲ್ಲಿ, ಮಡಿಲಲ್ಲಿ ಹುಣಸೆಹಣ್ಣು ಸುರಿದುಕೊಂಡು ಬೀಜ ಬಿಡಿಸುತ್ತಾ ಕೂತಿದ್ದಳು. ಸೊಸೆಯ ಇಂಗ್ಲಿಷು ಅವಳಿಗೆ ಮಳೆಯ ಸದ್ದಿನ ಹಾಗೆ, ಬಿದ್ದರೆ ಬೀಳಲಿ. ಮಕ್ಕಳು ಒಂದೊಂದಾಗಿ ಎದ್ದು ಹೆಸರು, ಅಪ್ಪನ ಹೆಸರು, ಅವ್ವನ ಹೆಸರು ಹೇಳಿದವು. ಸಹನಾ ಎಲ್ಲಕ್ಕಿಂತ ಜೋರಾಗಿ ಹೇಳಿ, ಅವ್ವನ ಮುಖ ನೋಡದೆ ಮಿಸ್ಸಿನ ಮುಖ ನೋಡಿದಳು. ಜ್ಯೋತಿಲಕ್ಷ್ಮಿ ಕೈ ತಟ್ಟಿದಳು. ಆಮೇಲೆ, "ನಾನು ನಿಮ್ಮುನ್ನ ಕೇಳ್ಬೋದಾ ಮಿಸ್?" ಎಂದಳು.

"ಕೇಳಿ."

"ವಾಟ್ ಡಿಡ್ ದಿ ಚಿಲ್ಡ್ರನ್ ಈಟ್ ಟುಡೇ?"

ಇದು ಯಾವ ಪಾಠದಲ್ಲೂ ಇರಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ನಡೆದದ್ದು ಕಣ್ಣ ಮುಂದೆ ಇತ್ತು, ಜಾಗ ಗೊತ್ತಿತ್ತು. "ರೈಸ್ ಅಂಡ್ ಸಾಂಬಾರ್. ಒನ್ ಎಗ್. ಸಹನಾ ಗೇವ್ ದಿ ಯೆಲ್ಲೋ ಟು ದಿ ಕ್ಯಾಟ್," ಎಂದಳು. ಮೊಟ್ಟೆಯ ಹಳದಿ ಬೆಕ್ಕಿಗೆ ಹೋದದ್ದು ಮನೆಯಲ್ಲಿ ಗೊತ್ತಿರಲಿಲ್ಲ. ಸಹನಾ ತಲೆ ತಗ್ಗಿಸಿದಳು, ಜ್ಯೋತಿಲಕ್ಷ್ಮಿ ತಡೆಯಲಾರದೆ ನಕ್ಕಳು. ಮಗು ಅತ್ತರೆ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲೇ ಮತ್ತೆ ಕೇಳಿದಳು. "ಫಸ್ಟ್ ಐ ವಿಲ್ ಸಿಟ್ ಡೌನ್," ಎಂದಳು ಕಮಲಾಕ್ಷಮ್ಮ, ಮಕ್ಕಳೆತ್ತರಕ್ಕೆ ಕುಕ್ಕರುಗಾಲಲ್ಲಿ ಕೂತೇ ತೋರಿಸಿದಳು, "ದೆನ್ ಐ ವಿಲ್ ಆಸ್ಕ್." ಚಾಪೆಯ ಮೇಲೆ ಯಾರೋ ಮೆಚ್ಚುಗೆಯಲ್ಲಿ ನಾಲಗೆ ಲೊಚಗುಟ್ಟಿದರು. ಎದ್ದು ನಿಂತಾಗ ಕಮಲಾಕ್ಷಮ್ಮನ ಮೈ ಹಗುರವಾಗಿತ್ತು. ನಾನೇ ಕಲಿತದ್ದು, ಯಾರ ಹಂಗಿಲ್ಲದೆ ನಾನೇ ಕಲಿತದ್ದು, ಎಂದು ಒಳಗೆ ಒಂದು ದನಿ ಕುಣಿಯುತ್ತಿತ್ತು. ಜ್ಯೋತಿಲಕ್ಷ್ಮಿಗೂ ಮನಸ್ಸು ತುಂಬಿದಂತಿತ್ತು. ಕಷ್ಟದ್ದನ್ನೆಲ್ಲ ಕೇಳಿಯಾಯಿತು, ಸುಲಭದ್ದೊಂದು ಕೇಳಿ ಮುಗಿಸೋಣ ಎನ್ನುವ ಹಾಗೆ, ಮಕ್ಕಳು ಈಗ ತಾನೇ ಹೇಳಿದ ಧಾಟಿಯಲ್ಲೇ ಕೇಳಿದಳು: "ಅಂಡ್ ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?"

"ಮೈ ಹಸ್ಬೆಂಡ್ಸ್ ನೇಮ್ ಈಸ್," ಎಂದಳು ಕಮಲಾಕ್ಷಮ್ಮ.

ಗೋಡೆಗೆ ಒರಗಿದ್ದ ಹೆಂಗಸರಿಗೆ ಅರ್ಥವಾಗಲು ಇಂಗ್ಲಿಷ್ ಬೇಕಿರಲಿಲ್ಲ. ಈಗ ತಾನೇ ಮಕ್ಕಳು ಅಪ್ಪಂದಿರ ಹೆಸರು ಹೇಳಿದ್ದವು, ಕೇಳಿದ ಧಾಟಿ ಅದೇ, ಟೀಚರು ನಿಂತದ್ದು ಎಲ್ಲಿ ಎಂದು ಅವರಿಗೆ ಗೊತ್ತಾಯಿತು. ತಾವೂ ಎಷ್ಟೋ ಕಿಟಕಿಗಳ ಮುಂದೆ ಹೀಗೇ ನಿಂತವರು. ಅವರು ತಲೆ ತಗ್ಗಿಸಿ ನೆಲ ನೋಡಿದರು. ಚಿಕ್ಕಕ್ಕನ ಬೆರಳು ಹುಣಸೆಯೊಳಗೇ ನಿಂತಿತು. ಆದರೆ ಚಾಪೆಯ ಮೇಲಿನ ಎಳೆಯ ತಾಯಂದಿರು ಬೇರೆಯೇ ತಿಳಿದುಕೊಂಡರು. ಒಬ್ಬಳು ಪಕ್ಕದವಳನ್ನು ಮೊಣಕೈಯಲ್ಲಿ ತಿವಿದಳು. ಕಲಿತದ್ದು ಅಷ್ಟೇ, ಮುಂದಿನದು ಬರುವುದಿಲ್ಲ. ಅದು ಅವರ ಮುಖದಲ್ಲಿ ಬರೆದಿದ್ದ ಹಾಗೆ ಕಮಲಾಕ್ಷಮ್ಮನಿಗೆ ಕಂಡಿತು. ಜ್ಯೋತಿಲಕ್ಷ್ಮಿಯ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಕನಿಕರವಿತ್ತು, ಅದು ಇನ್ನೂ ಕೆಟ್ಟದ್ದು.

"ಕನ್ನಡದಾಗೇ ಹೇಳಿ ಮಿಸ್, ಪರ್ವಾಗಿಲ್ಲ," ಎಂದಳು ಜ್ಯೋತಿಲಕ್ಷ್ಮಿ.

ಕನ್ನಡದಲ್ಲಿ. ಕಮಲಾಕ್ಷಮ್ಮನಿಗೆ ನಗು ಬರುವಂತಾಯಿತು. ಕನ್ನಡದಲ್ಲಿ ಆ ಹೆಸರು ಅತ್ತೆಯ ಎದುರು, ಊರಿನ ಎದುರು, ಹೊಸಲಿನಾಚೆ ಸುಡುವ ಕೆಂಡ. ಇಂಗ್ಲಿಷಿನಲ್ಲಾದರೆ ಅದಕ್ಕೊಂದು ಹಿಡಿಕೆಯಾದರೂ ಇದೆ. ಹೇಳದೆ ಜಾರಿಕೊಳ್ಳಬಹುದಿತ್ತು. ಹೀ ಈಸ್ ಎ ಫಾರ್ಮರ್ ಎನ್ನಬಹುದಿತ್ತು, ಆದರೆ ಅದು ಬೇರೆ ಪ್ರಶ್ನೆಯ ಉತ್ತರ, ಜ್ಯೋತಿಲಕ್ಷ್ಮಿ ಹಿಡಿದುಬಿಡುತ್ತಾಳೆ. ಬಾರದು ಎಂದು ಒಪ್ಪಿಕೊಂಡು ಕೂರಬಹುದಿತ್ತು, ಒಳ್ಳೆಯ ಹೆಂಗಸು ಎಂದು ಗೋಡೆಯ ಕಡೆಯವರು ತಲೆದೂಗುತ್ತಿದ್ದರು, ನಾಳೆ ವ್ಯಾನು ತುಂಬುತ್ತಿತ್ತು. ಕಾಲಿನ ಹತ್ತಿರ ಮಕ್ಕಳು ಬಾಯಿ ಅರ್ಧ ತೆರೆದುಕೊಂಡು ಕಾಯುತ್ತಿದ್ದವು, ಮಿಸ್ಸು ಹೇಳಿದರೆ ತಾವೂ ಹೇಳಲು. ಆಸ್ಪತ್ರೆಯ ಬೆಂಚು ಕಂಡಿತು. ಬಾತುಕೊಂಡಿದ್ದ ಮಣಿಕಟ್ಟು ಕಂಡಿತು. ಇನ್ನೊಂದು ಸಲ ಹೇಳಿ, ಇನ್ನೊಂದು ಏನಾದರೂ ಆದರೆ? ನಂಬುವುದಿಲ್ಲ ಎಂದು ಹೇಳಿಕೊಂಡಳು. ನಂಬುತ್ತಿದ್ದಳು. ಆದರೂ ಆ ಹೆದರಿಕೆಗಿಂತ ಮೇಲೆ ಇನ್ನೊಂದು ಎದ್ದುನಿಂತಿತ್ತು. ನನಗೆ ಬಾರದೆಂದು ಇವರು ಮನೆಗೆ ಹೋಗಕೂಡದು. ಬೇರೆ ಏನು ಬೇಕಾದರೂ ಅಂದುಕೊಳ್ಳಲಿ, ಅದೊಂದನ್ನು ಅಂದುಕೊಳ್ಳಕೂಡದು.

"ಮೈ ಹಸ್ಬೆಂಡ್ಸ್ ನೇಮ್ ಈಸ್ ರಂಗರಾಜು," ಎಂದಳು. ಮೆಲ್ಲಗಲ್ಲ, ಆನೆಯ ಚಿತ್ರಕ್ಕೆ ತಾಗಿ ವಾಪಸ್ಸು ಬರುವಷ್ಟು ಗಟ್ಟಿಯಾಗಿ. "ಹೀ ಈಸ್ ಎ ಗುಡ್ ಮ್ಯಾನ್. ಹಿಸ್ ಹ್ಯಾಂಡ್ ಈಸ್ ಬ್ರೋಕನ್, ಬಟ್ ಹೀ ಈಸ್ ಫೈನ್." ಕೊನೆಯದನ್ನು ಹೇಳು ಎಂದು ಯಾರೂ ಕೇಳಿರಲಿಲ್ಲ. ಅದು ದೇವರಿಗೆ ಹೇಳಿದ್ದು.

ಚಿಕ್ಕಕ್ಕ ಮಡಿಲು ಕೊಡವಿಕೊಂಡು ಎದ್ದಳು. ಬೀಜಗಳು ಸಿಮೆಂಟಿನ ನೆಲದ ಮೇಲೆ ಉರುಳಿದವು. ಯಾರ ಕಡೆಗೂ ನೋಡದೆ ಬಾಗಿಲು ದಾಟಿ ಹೊರಟುಹೋದಳು. ಮಕ್ಕಳಷ್ಟೇ ಏನೂ ತಿಳಿಯದೆ, ಮಿಸ್ಸು ಹೇಳಿದ್ದನ್ನು ಹೇಳುವ ರೂಢಿಯಂತೆ, ಮೈ ಹಸ್ಬೆಂಡ್ಸ್ ನೇಮ್ ಈಸ್ ರಂಗರಾಜು ಎಂದು ಒಟ್ಟಿಗೆ ಕೂಗಿದವು. ಚಾಪೆಯವರೂ ಗೋಡೆಯವರೂ ಒಂದಾಗಿ ನಕ್ಕರು.

ಗೋಡೆಯ ಕಡೆಯ ಈಶ್ವರಮ್ಮ ಜ್ಯೋತಿಲಕ್ಷ್ಮಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು: "ಗಂಡನ ಹೆಸರು ಕಣಮ್ಮ. ನಮ್ಕಡೆ ನಾವು ಹೇಳಲ್ಲ. ಅದ್ಕೇ ನಿಂತಿದ್ದು, ಇಂಗ್ಲಿಷ್ ಬರ್ದೆ ಅಲ್ಲ."

ಜ್ಯೋತಿಲಕ್ಷ್ಮಿ ಗಂಡನನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಚೇತನ್ ಎಂದೇ ಕೂಗುವವಳು. ಎಲ್ಲರೂ ಎದ್ದ ಮೇಲೆ ಮಗಳ ಕೈ ಹಿಡಿದುಕೊಂಡು ಹತ್ತಿರ ಬಂದು, "ವ್ಯಾನಿನೋರ್ಗೆ ಬ್ಯಾಡ ಅಂತ ಫೋನ್ ಮಾಡ್ತೀನಿ ಮಿಸ್," ಎಂದಳು. "ಹೆಸರು ಹೇಳಿದ್ದಕ್ಕಲ್ಲ. ಬೆಕ್ಕಿನ ವಿಚಾರ ಹೇಳಿದ್ರಲ್ಲ, ಅದಕ್ಕೆ. ಅದು ಬಾಯಿಪಾಠದಲ್ಲಿ ಬರಾದಲ್ಲ."

ಗೆದ್ದಿದ್ದಳು. ಬಾಗಿಲಿಗೆ ಬೀಗ ಹಾಕಿ ಬೀದಿಗಿಳಿದಾಗ ಕಮಲಾಕ್ಷಮ್ಮನ ಎದೆ ತುಂಬಿ ಬಂದಿತ್ತು, ಅದನ್ನು ಅವಳು ಅಡಗಿಸಿಕೊಳ್ಳಲೂ ಇಲ್ಲ. ಎದುರಿಗೆ ಸಿಕ್ಕವರನ್ನೆಲ್ಲ ನೇರವಾಗಿ ನೋಡಿ ನಡೆದಳು. ಆದರೆ ಮನೆಯ ತಿರುವು ಬರುತ್ತಿದ್ದಂತೆ ಹೆಜ್ಜೆ ತಾನಾಗಿ ಬಿರುಸಾಯಿತು. ಮನೆಯ ಮುಂದೆ ಜನ ಸೇರಿರಲಿಲ್ಲ. ಅಷ್ಟಾದರೂ ಆಯಿತು ಎಂದುಕೊಂಡಳು, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೊಂಡಳು. ಚಿಕ್ಕಕ್ಕ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಅವಳನ್ನು ದಾಟಿ ಒಳಗೆ ಹೋದಳು. ರಂಗರಾಜು ನಡುಮನೆಯಲ್ಲಿ ಮಲಗಿದ್ದ. ಪ್ಲಾಸ್ಟರಿನ ಕೈ ದಿಂಬಿನ ಮೇಲೆ, ಬಾಯಿ ಸ್ವಲ್ಪ ತೆರೆದಿತ್ತು. ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಬೇಕಾದಷ್ಟು ಹೊತ್ತು ಅದನ್ನೇ ನೋಡಿ, ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಳು.

"ಹೇಳ್ಬುಟ್ಟೆ," ಎಂದಳು ಚಿಕ್ಕಕ್ಕ.

"ಹೇಳ್ದೆ ಅತ್ತೆ."

"ಊರ್ ಮುಂದೆ."

"ಹೂಂ. ಇನ್ನೊಂದ್ಸಲಾನೂ ಹೇಳಿದ್ದೆ ಅತ್ತೆ, ಒಬ್ಳೇ ಇದ್ದಾಗ. ಇವರು ಬಿದ್ರಲ್ಲ, ಅವತ್ತು." ಮಾತು ಹೊರಗೆ ಬಂದ ಮೇಲೆ ಕಮಲಾಕ್ಷಮ್ಮ ಬೈಗುಳಕ್ಕೆ ಕಾದಳು.

ಮುದುಕಿ ಬೈಯಲಿಲ್ಲ. ಹುಣಸೆಯ ಜಿಗುಟು ಅಂಟಿದ ಬೆರಳುಗಳನ್ನು ಒಂದೊಂದಾಗಿ ಉಜ್ಜಿಕೊಳ್ಳುತ್ತಾ ಬೀದಿಯ ಕಡೆ ನೋಡಿದಳು. ಎದುರುಮನೆಯ ಹುಂಜ ತಿಪ್ಪೆ ಕೆದಕುತ್ತಿತ್ತು.

"ನಾನ್ ಒಂದಿನಾನೂ ಹೇಳ್ದೋಳಲ್ಲ," ಎಂದಳು. "ಕನಸ್ನಾಗೂ ಹೇಳ್ದೋಳಲ್ಲ. ಆದ್ರೂ ಹೋದ್ರು. ಇವ್ನಿನ್ನೂ ಅಂಬೆಗಾಲಿಕ್ತಿದ್ದ." ಆಮೇಲೆ ಸೊಸೆಯ ಕಡೆ ತಿರುಗಿ, "ಅದು ಹೆಂಗೆ ಸುರುವಾಯ್ತದೆ?" ಎಂದು ಕೇಳಿದಳು.

ಕಮಲಾಕ್ಷಮ್ಮನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಜಗಲಿಯಿಂದ ಇಳಿದು, ಮಕ್ಕಳ ಮುಂದೆ ಕೂರುವ ಹಾಗೆ ಅತ್ತೆಯ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. "ಮೈ," ಎಂದಳು.

"ಮೈ."

"ಹಸ್ಬೆಂಡ್ಸ್."

ಅದು ಹಲ್ಲಿಲ್ಲದ ಬಾಯಿಗೆ ಕಷ್ಟದ್ದು. ಚಿಕ್ಕಕ್ಕ ಮೂರು ಸಲ ಹೇಳಿ ಮೂರು ಸಲವೂ ಬೇರೆ ಬೇರೆಯಾಗಿ ಹೇಳಿದಳು. ಕಮಲಾಕ್ಷಮ್ಮ ತಿದ್ದಲಿಲ್ಲ. ನೇಮ್ ಬಂತು, ಈಸ್ ಬಂತು. ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಟ್ಟಗೆ ಕೂತಳು. ಕಮಲಾಕ್ಷಮ್ಮ ಆ ಹೆಸರನ್ನು ಪಡಿತರ ಚೀಟಿಯಲ್ಲಿ ಓದಿದ್ದಳು, ತನ್ನ ಗಂಡನ ಹೆಸರಿನ ಜೊತೆ ತಂದೆಯ ಹೆಸರೆಂದು ಬರೆದದ್ದನ್ನು ನೋಡಿದ್ದಳು. ಈ ಬಾಯಿಂದ ಕೇಳಿರಲಿಲ್ಲ.

"ಓಬಳಯ್ಯ," ಎಂದಳು ಚಿಕ್ಕಕ್ಕ. ಮೊದಲು ಬರಿಯ ಉಸಿರಿನಲ್ಲಿ. ಆಮೇಲೆ ಇಂಗ್ಲಿಷನ್ನು ಅಲ್ಲಿಗೇ ಬಿಟ್ಟು, ಹೊಲದ ಬದುವಿನ ಮೇಲೆ ನಿಂತು ಊಟಕ್ಕೆ ಕರೆಯುವವಳ ಹಾಗೆ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಓಬಳಯ್ಯ."

ಒಳಗೆ ಮಂಚ ಕಿರುಗುಟ್ಟಿತು.

"ಅವ್ವಾ," ಎಂದು ರಂಗರಾಜುವಿನ ನಿದ್ದೆಗಣ್ಣಿನ ದನಿ ಬಂತು, "ಯಾರದು, ಅಪ್ಪನ್ನ ಹೆಸರಿಡ್ದು ಕೂಗ್ತಿರಾದು?"

"ನಾನೇ ಕಣ್ಲಾ," ಎಂದಳು ಚಿಕ್ಕಕ್ಕ, "ಅವರ ಹೆಂಡ್ತಿ."